ಒಂದು ತಿಂಗಳ ಮಟ್ಟಿಗೆ ಈ ಊರಿನವನು

ಕತಾರಿನ ದೋಹಾಕ್ಕೆ ಬಂದು ಹನ್ನೊಂದು ವರ್ಷ ಕಳೆದಿದ್ದರೂ 2022ರ ನವೆಂಬರ್ 21ರ ಸಂಜೆಯವರೆಗೆ ಇಲ್ಲಿ ನನ್ನನ್ನು ಯಾರೂ ದಾರಿ ಕೇಳಿರಲಿಲ್ಲ. ದಾರಿ ಕೇಳಬೇಕಾದರೆ ಜನ ಮೊದಲು ದಾರಿಯ ಮೇಲೆ ಕಾಣಿಸಿಕೊಳ್ಳಬೇಕು; ವರ್ಷದ ಐದಾರು ತಿಂಗಳು ಬಿಸಿಲಿಗೆ ಹೆದರಿ ಮನೆಯಿಂದ ಕಾರಿಗೆ, ಕಾರಿನಿಂದ ಕಚೇರಿಗೆ ದಾಟಿಕೊಳ್ಳುವವರ ಊರಿನಲ್ಲಿ ಅಂಥ ಸಂದರ್ಭವೇ ಒದಗುವುದಿಲ್ಲ. ಕಾಲ್ಚೆಂಡಿನ ವಿಶ್ವಕಪ್ ನಡೆಯುತ್ತಿದ್ದ ಅಂದು ಮುಶೈರಿಬ್ ಮೆಟ್ರೊ ನಿಲ್ದಾಣದಲ್ಲಿ, ವೇಲ್ಸ್ ತಂಡದ ಬಣ್ಣದ ಟೋಪಿ ಧರಿಸಿದ್ದ ಹಿರಿಯ ದಂಪತಿ ಅಹ್ಮದ್ ಬಿನ್ ಅಲಿ ಕ್ರೀಡಾಂಗಣಕ್ಕೆ ಯಾವ ರೈಲು ಹಿಡಿಯಬೇಕೆಂದು ವಿಚಾರಿಸಿದರು. ಹಸಿರು ಮಾರ್ಗದಲ್ಲಿ ಕೊನೆಯ ನಿಲ್ದಾಣದವರೆಗೆ ಹೋಗಿ ಎಂದೆ. ಹೊರಡುವ ಮುನ್ನ ಆ ಮಹಿಳೆ, ನೀವು ಇದೇ ಊರಿನವರೇ ಎಂದು ಕೇಳಿದರು. ಹೌದು ಎಂದುಬಿಟ್ಟೆ. ರೈಲು ಹೊರಟ ಮೇಲೆ ಆ ಉತ್ತರ ನನಗೇ ವಿಚಿತ್ರವೆನಿಸಿತು.

ಸುಮಾರು 30 ಲಕ್ಷ ಜನಸಂಖ್ಯೆಯ ಕತಾರಿನಲ್ಲಿ ಹತ್ತರಲ್ಲಿ ಒಂಬತ್ತರಷ್ಟು ಜನ ಹೊರಗಿನಿಂದ ಬಂದವರು, ಅವರಲ್ಲಿ ಭಾರತೀಯರದೇ ದೊಡ್ಡ ಗುಂಪು. ನಮ್ಮ ವಾಸದ ಪರವಾನಗಿ ಉದ್ಯೋಗಕ್ಕೆ ಅಂಟಿಕೊಂಡಿರುತ್ತದೆ. ಕೆಲಸ ಹೋದರೆ ಗಂಟುಮೂಟೆ ಕಟ್ಟಲು ಸಿಗುವುದು ಸೀಮಿತ ಕಾಲಾವಕಾಶ. 2020ರ ತನಕ ಒಂದು ಕೆಲಸ ಬಿಟ್ಟು ಇನ್ನೊಂದಕ್ಕೆ ಸೇರಲು ಹಳೆಯ ಮಾಲೀಕನ ನಿರಾಕ್ಷೇಪಣಾ ಪತ್ರ ಬೇಕಾಗಿತ್ತು. ಹೀಗಿರುವಾಗ ಇಲ್ಲಿನವನು ಎಂದು ಹೇಳಿಕೊಳ್ಳುವುದಕ್ಕೆ ನನ್ನ ಬಳಿ ಇದ್ದ ದಾಖಲೆಯೆಂದರೆ ಅವಧಿ ನಮೂದಿಸಿದ ಆ ಪರವಾನಗಿಯ ಕಾರ್ಡು ಮಾತ್ರ. ಆದರೆ ವಿಶ್ವಕಪ್ಪಿನ ಮಟ್ಟಿಗೆ ಅದೇ ಕಾರ್ಡಿಗೆ ಬೆಲೆ ಬಂದಿತ್ತು: ನಾಲ್ಕನೇ ವರ್ಗದ ಟಿಕೆಟುಗಳನ್ನು ಇಲ್ಲಿನ ನಿವಾಸಿಗಳಿಗೆಂದೇ ಮೀಸಲಿಟ್ಟು, ಗುಂಪು ಹಂತದ ಪಂದ್ಯಗಳಿಗೆ 40 ರಿಯಾಲಿನಿಂದ ಮಾರಿದರು.

ಆ ತಿಂಗಳಿಗಾಗಿ ನಗರ ವರ್ಷಗಟ್ಟಲೆ ಅಗೆಸಿಕೊಂಡಿತ್ತು. ನಿನ್ನೆ ಎಡಕ್ಕೆ ತಿರುಗಿದ್ದ ರಸ್ತೆ ಇಂದು ಬಲಕ್ಕೆ ತಿರುಗುತ್ತಿತ್ತು, ಮೊಬೈಲಿನ ನಕ್ಷೆ ಸಮುದ್ರದೊಳಗೆ ಹೋಗೆನ್ನುತ್ತಿತ್ತು. ಬಾಡಿಗೆಯ ವಿಷಯ ಬೇರೆಯದೇ ಕಥೆ. ಕರಾರು ನವೀಕರಿಸುವ ಹೊತ್ತಿಗೆ ನಮ್ಮ ಮನೆಯ ಮಾಲೀಕರು ವಿಶ್ವಕಪ್ಪಿನ ಹೆಸರು ಹೇಳಿ ಕೇಳಿದ ಮೊತ್ತಕ್ಕೆ ನಾನು ಹೇಗೋ ಹೊಂದಿಸಿಕೊಂಡೆ. ಎದುರುಮನೆಯವರು ಹೊಂದಿಸಲಾಗದೆ ಅಲ್ ವಕ್ರಾಕ್ಕೆ ಹೋದರು. ಅವರು ಖಾಲಿ ಮಾಡಿದ ಮನೆಗೆ ಆ ತಿಂಗಳು ವಾರಕ್ಕೊಂದು ದೇಶದ ಬಾವುಟ ಬಂದು ಹೋಯಿತು.

974 ಕ್ರೀಡಾಂಗಣದ ಬಗ್ಗೆ ಮಾತ್ರ ಸ್ವಲ್ಪ ವಿವರವಾಗಿ ಬರೆಯಬೇಕು. ಕತಾರಿನ ದೂರವಾಣಿ ಸಂಕೇತವೂ 974, ಅದನ್ನು ಕಟ್ಟಲು ಬಳಸಿದ ಹಡಗಿನ ಕಂಟೈನರುಗಳೂ 974. ಸಮುದ್ರದ ಪಕ್ಕದಲ್ಲಿದ್ದುದರಿಂದ ಎಂಟು ಕ್ರೀಡಾಂಗಣಗಳ ಪೈಕಿ ಅದೊಂದಕ್ಕೆ ಮಾತ್ರ ತಂಪುಗೊಳಿಸುವ ಯಂತ್ರಗಳ ಹಂಗಿರಲಿಲ್ಲ, ಗಾಳಿ ತಾನಾಗಿಯೇ ಒಳಗೆ ನುಗ್ಗುತ್ತಿತ್ತು. ಬಳಸಿ ಬಿಚ್ಚಿಡಲೆಂದೇ ಕಟ್ಟಿದ ಕಟ್ಟಡವದು. ಏಳು ಪಂದ್ಯಗಳ ಬಳಿಕ ವಿಶ್ವಕಪ್ಪಿನಲ್ಲಿ ಅದರ ಕೆಲಸ ಮುಗಿಯಿತು. ಪೋರ್ಚುಗಲ್–ಘಾನಾ ಪಂದ್ಯಕ್ಕೆ ನಾನು ಅಲ್ಲಿದ್ದೆ. ರೊನಾಲ್ಡೊ ಪೆನಾಲ್ಟಿ ಹೊಡೆದು ಐದು ವಿಶ್ವಕಪ್ಪುಗಳಲ್ಲಿ ಗೋಲು ಗಳಿಸಿದ ಮೊದಲ ಪುರುಷ ಆಟಗಾರನಾದಾಗ ನನ್ನ ಸಾಲಿನವರೆಲ್ಲ ಎದ್ದು ನಿಂತರು. ನನ್ನ ಗಮನವಿದ್ದದ್ದು ತಲೆಯ ಮೇಲಿನ ಬಣ್ಣಬಣ್ಣದ ಪೆಟ್ಟಿಗೆಗಳ ಮೇಲೆ. ಬೇರೆಡೆಗೆ ಸಾಗಿಸಲು ಸದಾ ಸಿದ್ಧವಾಗಿದ್ದ ಆ ಕಟ್ಟಡದ ಮೇಲೆ ನನಗೆ ಹುಟ್ಟಿದ ಸಲಿಗೆ ಲುಸೈಲ್ ಕ್ರೀಡಾಂಗಣದ ಹೊಂಬಣ್ಣದ ದೊಡ್ಡ ಬೋಗುಣಿಯ ಮೇಲೆ ಹುಟ್ಟಲಿಲ್ಲ.

ಪಂದ್ಯಗಳು ಆರಂಭವಾಗುವ ಮೊದಲೇ ನನಗೆ ನೋವು ತಂದ ಸಂಗತಿಯೊಂದಿದೆ. ನಾನಾ ದೇಶಗಳ ಜೆರ್ಸಿ ತೊಟ್ಟು ಡೋಲು ಬಾರಿಸುತ್ತ ಮೆರವಣಿಗೆ ಹೋದ ಭಾರತೀಯರನ್ನು, ಅವರಲ್ಲಿ ಬಹುಪಾಲು ಮಲಯಾಳಿಗಳನ್ನು, ಪರದೇಶದ ಕೆಲವು ಮಾಧ್ಯಮಗಳು ದುಡ್ಡು ಪಡೆದು ಬಂದ ನಕಲಿ ಅಭಿಮಾನಿಗಳೆಂದು ಶಂಕಿಸಿದವು. ಕೋಳಿಕ್ಕೋಡಿನ ಬಳಿಯ ಪುಳ್ಳಾವೂರಿನಲ್ಲಿ ಹೊಳೆಯ ನಡುವೆ ಮೆಸ್ಸಿಯ 30 ಅಡಿ ಕಟೌಟು ನಿಲ್ಲಿಸಿದ ನಾಡಿನವರ ಕಾಲ್ಚೆಂಡಿನ ಹುಚ್ಚಿಗೆ ಯಾರೂ ಸಂಬಳ ಕೊಡಬೇಕಾಗಿಲ್ಲ. ಇಟ್ಟಿಗೆ ಹೊರುವವನಿಗೆ, ಅಂಗಡಿ ಕಾಯುವವನಿಗೆ ದುಡಿಮೆಯ ಆಚೆ ಒಂದು ಮೋಹ ಇರಬಹುದೆಂದು ಆ ವರದಿಗಾರರಿಗೆ ಹೊಳೆಯಲಿಲ್ಲವೇನೋ. ಹಾಗೆಂದು ಆ ಮಾಧ್ಯಮಗಳು ಕೇಳಿದ ಎಲ್ಲ ಪ್ರಶ್ನೆಗಳನ್ನೂ ನಾನು ತಳ್ಳಿಹಾಕಲಾರೆ. ಟೂರ್ನಿ ನಡೆಯುತ್ತಿರುವಾಗಲೇ ಸಂಘಟನೆಯ ಮುಖ್ಯಸ್ಥ ಹಸನ್ ಅಲ್ ಥವಾದಿ, ಅದಕ್ಕೆ ಸಂಬಂಧಿಸಿದ ಕಾಮಗಾರಿಗಳಲ್ಲಿ ಸತ್ತ ಕಾರ್ಮಿಕರು 400ರಿಂದ 500 ಎಂದು ಟಿವಿ ಸಂದರ್ಶನದಲ್ಲಿ ಅಂದಾಜು ಹೇಳಿದರು. ಆ ಸಾಲು ಓದಿದ ದಿನ ಕಚೇರಿಯಲ್ಲಿ ನಾವು ಯಾರೂ ಅದರ ಮಾತೆತ್ತಲಿಲ್ಲ. ಆ ಮೌನದಲ್ಲಿ ನನ್ನ ಪಾಲೂ ಇತ್ತು.

ಕಾರ್ಮಿಕರ ವಸತಿಗಳಿಗೆ ಹತ್ತಿರದ ಏಷ್ಯನ್ ಟೌನಿನ ಕ್ರಿಕೆಟ್ ಕ್ರೀಡಾಂಗಣದಲ್ಲಿ ದೊಡ್ಡ ಪರದೆ ಕಟ್ಟಿದ್ದರು. ಒಂದು ರಾತ್ರಿ ಗೆಳೆಯನೊಂದಿಗೆ ಅಲ್ಲಿಗೂ ಹೋದೆ. ಪಂದ್ಯ ಅಲ್ ಬೈತ್‌ನಲ್ಲಿತ್ತು. ಡೇರೆಯ ಆಕಾರದ ಆ ಕ್ರೀಡಾಂಗಣವನ್ನು ಮೇಲಿನಿಂದ ತೋರಿಸಿದಾಗ ಮುಂದಿನ ಸಾಲಿನ ಇಬ್ಬರು ತೆಲುಗಿನಲ್ಲಿ ವಾದಕ್ಕಿಳಿದರು. ಅರ್ಧಂಬರ್ಧ ತಿಳಿದ ಮಟ್ಟಿಗೆ, ಮೇಲಿನ ಬಟ್ಟೆಯನ್ನು ಯಾವ ಮೂಲೆಯಿಂದ ಎಳೆಯಲು ಶುರುಮಾಡಿದ್ದರೆಂಬುದೇ ಅವರ ಜಗಳದ ವಿಷಯ. ಅಷ್ಟರಲ್ಲಿ ಒಂದು ಗೋಲಾಯಿತು, ಅವರ ವಾದ ಮುಗಿದಿರಲಿಲ್ಲ.

ಕಾರ್ನಿಶ್‌ನ ಬಗ್ಗೆ ಹೇಳದಿದ್ದರೆ ಈ ಬರಹ ಅಪೂರ್ಣ. ಕೊಲ್ಲಿಯನ್ನು ಬಳಸಿ ಸುಮಾರು 7 ಕಿಲೋಮೀಟರ್ ಸಾಗುವ ಆ ರಸ್ತೆಯನ್ನು ನವೆಂಬರ್ 1ರಿಂದಲೇ ವಾಹನಗಳಿಗೆ ಮುಚ್ಚಿ, ನಡೆಯುವವರಿಗೆ ಬಿಟ್ಟುಕೊಟ್ಟಿದ್ದರು. ಮೊರಾಕ್ಕೊ ತಂಡ ಪೋರ್ಚುಗಲ್ಲನ್ನು 1–0ರಿಂದ ಸೋಲಿಸಿ, ಸೆಮಿಫೈನಲ್ ತಲುಪಿದ ಮೊದಲ ಅರಬ್ ಹಾಗೂ ಆಫ್ರಿಕನ್ ತಂಡವಾದ ಡಿಸೆಂಬರ್ 10ರ ರಾತ್ರಿ, ಹೆಂಡತಿ ಮಗಳೊಡನೆ ನಾನು ರಸ್ತೆಯ ನಟ್ಟನಡುವೆ ಕುಳಿತು ಬುತ್ತಿ ಬಿಚ್ಚಿದ್ದೆ. ಗುರುತಿಲ್ಲದ ಕತಾರಿ ಕುಟುಂಬವೊಂದು ನಮ್ಮ ಮಗಳ ಕೈಗೆ ಖರ್ಜೂರದ ಪೊಟ್ಟಣ ಇಟ್ಟು, ಮಬ್ರೂಕ್ ಎಂದಿತು. ಗೆದ್ದವರು ಅವರೂ ಅಲ್ಲ, ನಾವೂ ಅಲ್ಲ. ಆದರೂ ಇಬ್ಬರೂ ಅಭಿನಂದನೆ ಹಂಚಿಕೊಂಡೆವು.

ಡಿಸೆಂಬರ್ ಕೊನೆಯ ವಾರ ಅದೇ ದಾರಿಯಲ್ಲಿ ಕಚೇರಿಗೆ ಹೊರಟೆ. ಆ ಜಾಗ ಯಾವುದೆಂದು ಮಗಳಿಗೆ ತೋರಿಸಬೇಕೆಂದು ಕಾರಿನ ವೇಗ ತಗ್ಗಿಸಿದ್ದೇ ತಡ, ಹಿಂದಿನ ಲ್ಯಾಂಡ್ ಕ್ರೂಸರ್ ದೀಪ ಮಿನುಗಿಸಿತು. ನಾನು ಪಕ್ಕಕ್ಕೆ ಸರಿದೆ.