ಹೊಗೆಯ ಆಚೆ ನಿಂತವನು

ಕೆಲವು ವಾರಗಳಿಂದ ರಾತ್ರಿಯ ಬಿಡುವನ್ನೆಲ್ಲ ಐವರೈವರ ಎರಡು ತಂಡಗಳು ಗುಂಡಿನ ಕಾಳಗ ನಡೆಸುವ ಕೌಂಟರ್-ಸ್ಟ್ರೈಕ್ 2 ಎಂಬ ಕಂಪ್ಯೂಟರ್ ಆಟಕ್ಕೆ ಒಪ್ಪಿಸಿಬಿಟ್ಟಿದ್ದೇನೆ. ವಾಲ್ವ್ ಸಂಸ್ಥೆ 2023ರ ಸೆಪ್ಟೆಂಬರ್ 27ರಂದು ಬಿಡುಗಡೆ ಮಾಡಿದ ಈ ಆಟದಲ್ಲಿ ನನ್ನನ್ನು ಸೆಳೆದದ್ದು ಬಂದೂಕುಗಳಿಗಿಂತ ಹೆಚ್ಚಾಗಿ ಹೊಗೆ. ಎಸೆದ ಹೊಗೆಬಾಂಬಿನಿಂದ ಹೊರಟ ಹೊಗೆಯು ಗೋಡೆ, ಬಾಗಿಲುಗಳಿಗೆ ಹೊಂದಿಕೊಂಡು ಹರಡುತ್ತದೆ. ಅದರ ನಡುವೆ ಗ್ರೆನೇಡ್ ಸಿಡಿದರೆ ಕ್ಷಣಕಾಲ ತೆರವಾಗಿ, ಆಚೆ ನಿಂತ ಎದುರಾಳಿಯನ್ನು ತೋರಿಸಿ, ಮತ್ತೆ ಮುಚ್ಚಿಕೊಳ್ಳುತ್ತದೆ.

ಪ್ರತಿ ಸುತ್ತಿಗೂ ಆಯುಧ ಕೊಳ್ಳುವ, ಆಟದೊಳಗಷ್ಟೇ ಚಲಾವಣೆಯ ಹಣದ ಲೆಕ್ಕಾಚಾರವೂ ಅಷ್ಟೇ ಸೊಗಸಾದದ್ದು. ಎಕೆ-47 ಬಂದೂಕಿಗೆ 2,700 ಡಾಲರ್, ದೂರದ ಗುರಿಯ ಎಡಬ್ಲ್ಯೂಪಿ ಬಂದೂಕಿಗೆ 4,750 ಡಾಲರ್ ತೆರಬೇಕಾದ್ದರಿಂದ, ಸೋತು ಬರಿಗೈಯಾದ ತಂಡವು ಈ ಸುತ್ತನ್ನು ಪಿಸ್ತೂಲಿನಲ್ಲೇ ಕಳೆದು ಉಳಿತಾಯ ಮಾಡಬೇಕೋ, ಇದ್ದದ್ದನ್ನೆಲ್ಲ ಸುರಿದು ಅದೃಷ್ಟ ಪರೀಕ್ಷಿಸಬೇಕೋ ಎಂಬುದನ್ನು ಐವರೂ ಸೇರಿ ನಿರ್ಧರಿಸಬೇಕಾಗುತ್ತದೆ. (ನಾನಂತೂ ದುಡ್ಡು ಕಂಡೊಡನೆ ಖರ್ಚು ಮಾಡಿ ಬೈಸಿಕೊಳ್ಳುವವನು.)

ಕೊರತೆಗಳೂ ಸಣ್ಣವಲ್ಲ. 2012ರಿಂದ ನಡೆದುಬಂದ, ಇದೇ ಸರಣಿಯ ಹಿಂದಿನ ಗ್ಲೋಬಲ್ ಅಫೆನ್ಸಿವ್ ಆವೃತ್ತಿಯನ್ನು ಪಕ್ಕದಲ್ಲಿ ಉಳಿಸದೆ ಅದರ ಜಾಗದಲ್ಲೇ ಇದನ್ನು ಕೂರಿಸಿದ್ದು, ಕೊನೆಯವರೆಗೂ ಬದುಕುಳಿದವರು ಗೆಲ್ಲುವ ಅದರ ಡೇಂಜರ್ ಝೋನ್ ವಿಧಾನವನ್ನು ಬಿಟ್ಟದ್ದು, ಮ್ಯಾಕ್ ಬಳಕೆದಾರರನ್ನು ಹೊರಗಿಟ್ಟದ್ದು ನನಗೆ ಸರಿಯೆನಿಸುವುದಿಲ್ಲ. ಮೋಸದ ತಂತ್ರಾಂಶದ ಹಾವಳಿ ಇಂಥ ಎಲ್ಲ ಆಟಗಳಿಗೂ ಅಂಟಿದ ರೋಗ. ಅದರ ಕೆಟ್ಟ ಪರಿಣಾಮವೆಂದರೆ, ನಿಜವಾಗಿಯೂ ಚೆನ್ನಾಗಿ ಗುರಿಯಿಡುವವನ ಮೇಲೂ ಅನುಮಾನ ಬೀಳುತ್ತದೆ. ನಿನ್ನೆ ಹೊಗೆಯೊಳಗಿಂದ ಒಂದೇ ಗುಂಡಿಗೆ ನನ್ನನ್ನು ಉರುಳಿಸಿದವನನ್ನು ನಾನೂ ಹಾಗೆಯೇ ಶಂಕಿಸಿದೆ. ಮರುವೀಕ್ಷಿಸಿದಾಗ ತಿಳಿದದ್ದು, ನನ್ನ ಹೆಜ್ಜೆಯ ಸದ್ದು ಆ ಮೂಲೆಯವರೆಗೂ ಕೇಳಿಸುತ್ತಿತ್ತು.