ಎಂಜಿನ್ ಕೆಟ್ಟ ಮೇಲೂ ಅರ್ಧ ಗಂಟೆ ಯಾಕೆ ಸುತ್ತಿಸ್ತಾರೆ?

"ಒಂದು ಎಂಜಿನ್ ಹೋಗಿತ್ತಂತೆ, ಆದ್ರೂ ಅರ್ಧ ಗಂಟೆ ಮೇಲೇ ಸುತ್ತಿಸಿದ್ರಂತೆ. ತಕ್ಷಣ ಇಳಿಸೋಕೆ ಅವರಿಗೇನು ಧಾಡಿ?"

ಟೇಕಾಫ್ ಆದ ಕೂಡಲೇ ವಿಮಾನ ಹಿಂದಿರುಗಿದ ಸುದ್ದಿ ಬಂದಾಗಲೆಲ್ಲ ನನಗೆ ಈ ಪ್ರಶ್ನೆ ತಪ್ಪಿದ್ದಲ್ಲ. ಮದುವೆ ಊಟದ ಪಂಕ್ತಿಯಲ್ಲೂ ಬಿಡುವುದಿಲ್ಲ. ಬಾಯಲ್ಲಿ ಹೇಳಿ ಹೇಳಿ ಸಾಕಾಗಿದೆ. ಇನ್ನು ಮುಂದೆ ಕೇಳಿದವರಿಗೆ ಇದನ್ನೇ ಕಳಿಸುತ್ತೇನೆ.

ನನ್ನನ್ನು ಕೆರಳಿಸುವುದು ಆ 'ತಕ್ಷಣ' ಎಂಬ ಮಾತು. ಒಂದು ಎಂಜಿನ್ ನಿಂತರೆ ವಿಮಾನ ಈಗಲೋ ಆಗಲೋ ಬೀಳುತ್ತದೆ ಎಂಬ ನಂಬಿಕೆ ಅದರ ಹಿಂದಿದೆ. ಬೀಳುವುದಿಲ್ಲ. ಎರಡು ಎಂಜಿನ್ನಿನ ವಿಮಾನ, ಒಂದು ಸತ್ತ ಮೇಲೂ, ಚಕ್ರ ಮಡಚಿಕೊಂಡು ಕನಿಷ್ಠ ಶೇ. 2.4ರ ಏರಿನಲ್ಲಿ (100 ಮೀಟರ್ ಮುಂದೆ ಹೋದರೆ 2.4 ಮೀಟರ್ ಮೇಲೆ) ಮೇಲೇರಲೇಬೇಕೆಂಬುದು ನಿಯಮ. ಆ ದಿನದ ಬಿಸಿಲು, ರನ್‌ವೇ ಉದ್ದ, ಊರಿನ ಎತ್ತರ ನೋಡಿ ಎಷ್ಟು ತೂಕ ಹೊರಬಹುದೆಂದು ಹೊರಡುವ ಮುಂಚೆಯೇ ಲೆಕ್ಕ ಹಾಕಿರುತ್ತಾರೆ. ಬೆಂಗಳೂರು ಸಮುದ್ರಮಟ್ಟದಿಂದ ಸುಮಾರು 3,000 ಅಡಿ ಮೇಲಿದೆ. ಏಪ್ರಿಲ್ ಮಧ್ಯಾಹ್ನದ ತೆಳು ಗಾಳಿಯಲ್ಲಿ ಎಂಜಿನ್ನಿನ ಬಲ ಕುಗ್ಗುವುದೂ ಆ ಲೆಕ್ಕದೊಳಗೇ ಇರುತ್ತದೆ.

ಏರ್‌ಬಸ್ ಎ320 ಇಟ್ಟುಕೊಂಡು ಹೇಳುತ್ತೇನೆ. ಎಡ ಎಂಜಿನ್ ಹೋದರೆ ಮೂತಿ ಎಡಕ್ಕೆ ಎಳೆಯುತ್ತದೆ. ಹಾರಿಸುತ್ತಿರುವ ಪೈಲಟ್ ಬಲಗಾಲಿನಿಂದ ರಡ್ಡರ್ (ಬಾಲದ ಚುಕ್ಕಾಣಿ) ಒತ್ತಿ ನೇರ ಹಿಡಿಯುತ್ತಾರೆ. ಮೂತಿಯನ್ನು ಸುಮಾರು 12.5 ಡಿಗ್ರಿಗೆ ಎತ್ತುತ್ತಾರೆ. ಮೇಲೇರುತ್ತಿರುವುದು ಖಚಿತವಾದ ಮೇಲೆ ಚಕ್ರ ಒಳಕ್ಕೆ. ಎಚ್ಚರಿಕೆಯ ಗಂಟೆ ಬಾರಿಸುತ್ತಿದ್ದರೆ ಅದನ್ನು ಸುಮ್ಮನಾಗಿಸುತ್ತಾರೆ. ರನ್‌ವೇಯಿಂದ 400 ಅಡಿ ಮೇಲೇರುವವರೆಗೆ ಕೆಟ್ಟ ಎಂಜಿನ್ನಿನ ತಂಟೆಗೇ ಹೋಗುವುದಿಲ್ಲ, ಬೆಂಕಿಯ ಎಚ್ಚರಿಕೆ ಇದ್ದರೂ.

ಆಮೇಲೆ ಬೆಂಕಿಯ ಕೆಲಸ. ಆ ಎಂಜಿನ್ನಿನ ಬಲ ಹೆಚ್ಚು-ಕಡಿಮೆ ಮಾಡುವ ಥ್ರಸ್ಟ್ ಲಿವರ್ ಐಡಲ್‌ಗೆ (ಕನಿಷ್ಠಕ್ಕೆ), ಎಂಜಿನ್ ನಿಲ್ಲಿಸುವ ಮಾಸ್ಟರ್ ಸ್ವಿಚ್ ಆಫ್, ಫೈರ್ ಬಟನ್ ಒತ್ತು. ಬಟನ್ ಒತ್ತಿದರೆ ಇಂಧನ, ಹೈಡ್ರಾಲಿಕ್, ಬಿಸಿಗಾಳಿ, ಜನರೇಟರ್ ಎಲ್ಲ ಆ ಎಂಜಿನ್ನಿನಿಂದ ಕಡಿದುಹೋಗುತ್ತವೆ. ಬೆಂಕಿ ಆರಿಸುವ ಅನಿಲವನ್ನು ಮಾತ್ರ ಆಗಲೇ ಬಿಡುವುದಿಲ್ಲ. 10 ಸೆಕೆಂಡ್ ಕಾಯುತ್ತಾರೆ. ಎಂಜಿನ್ನಿನ ವೇಗ ಇಳಿದು ಒಳಗಿನ ಗಾಳಿಯ ಹರಿವು ತಗ್ಗಬೇಕು, ಇಲ್ಲದಿದ್ದರೆ ಅನಿಲ ಬೆಂಕಿಯ ಬಳಿ ನಿಲ್ಲದೆ ಹಾರಿಹೋಗುತ್ತದೆ. ಅನಿಲದ ಮೊದಲ ಬಾಟಲಿ ಖಾಲಿಯಾಗಿ 30 ಸೆಕೆಂಡಾದರೂ ಎಚ್ಚರಿಕೆ ಆರದಿದ್ದರೆ ಎರಡನೆಯದು. ಒಂದು ಎಂಜಿನ್ನಿಗೆ ಇರುವುದೇ ಎರಡು.

ಈಗ ಆ ಅರ್ಧ ಗಂಟೆಗೆ ಬರೋಣ. ಎ320ರ ಹೊಸ ಮಾದರಿ ನಿಯೋ ಮೇಲೇರುವಾಗ 79 ಟನ್‌ವರೆಗೆ ತೂಗಬಹುದು. ಇಳಿಯುವ ಮಿತಿ ಸುಮಾರು 67 ಟನ್. ಅದರಲ್ಲಿ ಇಂಧನವನ್ನು ಹೊರಕ್ಕೆ ಸುರಿಯುವ ವ್ಯವಸ್ಥೆ ಇಲ್ಲ, ಹಾರುತ್ತಾ ಉರಿಸಿಯೇ ತೂಕ ಇಳಿಸಬೇಕು. ಬೆಂಕಿ ಆರದಿದ್ದರೆ ತೂಕವನ್ನೆಲ್ಲ ಬದಿಗಿಟ್ಟು ನೇರ ಇಳಿಸುತ್ತಾರೆ, ಅದಕ್ಕೂ ಚೆಕ್‌ಲಿಸ್ಟ್ ಇದೆ. ಬೆಂಕಿ ಇಲ್ಲದೆ ಎಂಜಿನ್ ಬರೀ ನಿಂತಿದ್ದರೆ ಆತುರವಿಲ್ಲ. ಫ್ಲ್ಯಾಪ್ (ರೆಕ್ಕೆಯಿಂದ ಹೊರಚಾಚುವ ಫಲಕ) ಒಳಗೆಳೆದು, ಚೆಕ್‌ಲಿಸ್ಟ್ ಮುಗಿಸಿ, ಎಷ್ಟು ಉದ್ದದ ರನ್‌ವೇ ಬೇಕೆಂದು ಲೆಕ್ಕ ಹಾಕಿ, ಕ್ಯಾಬಿನ್ ಸಿಬ್ಬಂದಿಗೆ ಏನಾಗಿದೆ, ಏನು ಮಾಡುತ್ತೇವೆ, ಎಷ್ಟು ನಿಮಿಷ ಇದೆ ಎಂದು ಹೇಳಬೇಕು. ನೀವು ಕಾಲಹರಣ ಎನ್ನುವ ಆ ಸುತ್ತಿನಲ್ಲಿ ನಡೆಯುವುದು ಇದೆಲ್ಲ.

'ತಕ್ಷಣ' ಕೈ ಹಾಕಿದರೆ ಏನಾಗುತ್ತದೆ ಎಂಬುದಕ್ಕೆ 2015ರ ಫೆಬ್ರವರಿ 4ರ ತೈಪೆ ಇದೆ. ಟ್ರಾನ್ಸ್‌ಏಷ್ಯಾ ಕಂಪನಿಯ 235ನೇ ಹಾರಾಟ, ಎರಡು ಪ್ರೊಪೆಲರ್ ಎಂಜಿನ್ನಿನ ಎಟಿಆರ್ 72-600 ವಿಮಾನ. ಮೇಲೇರುತ್ತಿದ್ದಾಗ ಬಲಗಡೆಯ, ಅಂದರೆ ಎರಡನೇ ಎಂಜಿನ್ ಬಲ ಕೊಡುವುದನ್ನು ನಿಲ್ಲಿಸಿತು. ಕೆಲವೇ ಸೆಕೆಂಡುಗಳಲ್ಲಿ ಕ್ಯಾಪ್ಟನ್ ಎಳೆದದ್ದು ಒಂದನೇ ಎಂಜಿನ್ನಿನ ಲಿವರ್. ತಡೆಯಿರಿ, ಕ್ರಾಸ್‌ಚೆಕ್ ಮಾಡೋಣ (ಇಬ್ಬರೂ ತಾಳೆ ನೋಡೋಣ) ಎಂದು ಸಹಪೈಲಟ್ ಹೇಳಿದ್ದು ಕಾಕ್‌ಪಿಟ್ ಧ್ವನಿಮುದ್ರಣದಲ್ಲಿದೆ. ಆ ಕ್ರಾಸ್‌ಚೆಕ್ ನಡೆಯಲೇ ಇಲ್ಲ. ಚೆನ್ನಾಗಿದ್ದ ಎಂಜಿನ್ನನ್ನೇ ನಿಲ್ಲಿಸಿದರು. ಮೊದಲ ಎಚ್ಚರಿಕೆ ಬಂದು ಎರಡು ನಿಮಿಷ ತುಂಬುವಷ್ಟರಲ್ಲಿ ವಿಮಾನ ಮೇಲ್ಸೇತುವೆಗೆ ರೆಕ್ಕೆ ಬಡಿದು ಕೀಲುಂಗ್ ನದಿಗೆ ಬಿತ್ತು. 58 ಜನರಲ್ಲಿ 43 ಮಂದಿ ಹೋದರು. ಉಳಿದ ಒಂದೇ ಎಂಜಿನ್ನಿನಲ್ಲಿ ಆ ವಿಮಾನ ಹಾರಬಲ್ಲದ್ದಾಗಿತ್ತು.

ಅದಕ್ಕೇ ಲಿವರ್, ಮಾಸ್ಟರ್ ಸ್ವಿಚ್, ಫೈರ್ ಬಟನ್ ಮೂರಕ್ಕೂ ಒಬ್ಬರು ಕೈಯಿಟ್ಟು 'ಒಂದನೇ ಎಂಜಿನ್, ಖಚಿತವೇ?' ಎನ್ನಬೇಕು, ಇನ್ನೊಬ್ಬರು ಕಣ್ಣಾರೆ ನೋಡಿ 'ಖಚಿತ' ಎನ್ನಬೇಕು.

ಕೇಳುವುದಾದರೆ ನೀವು ಕೇಳಬೇಕಾದ ಪ್ರಶ್ನೆ ಬೇರೆ ಇದೆ: ಕಿಟಕಿಯಲ್ಲಿ ಬೆಂಕಿ ಕಂಡರೆ ನಾನೇನು ಮಾಡಲಿ? ಇದನ್ನು ಯಾರೂ ಕೇಳುವುದಿಲ್ಲ. 1989ರ ಜನವರಿ 8ರಂದು ಲಂಡನ್ನಿನಿಂದ ಹೊರಟ ಬ್ರಿಟಿಷ್ ಮಿಡ್‌ಲ್ಯಾಂಡ್ ಕಂಪನಿಯ 92ನೇ ಹಾರಾಟದಲ್ಲಿ ಎಡ ಎಂಜಿನ್ನಿನ ಫ್ಯಾನ್ ಬ್ಲೇಡ್ ಮುರಿಯಿತು, ಪೈಲಟ್‌ಗಳು ಬಲ ಎಂಜಿನ್ ನಿಲ್ಲಿಸಿದರು. ಆಕಸ್ಮಿಕವಾಗಿ ಅದೇ ಹೊತ್ತಿಗೆ ವಿಮಾನದ ಅದುರಾಟ ಕಡಿಮೆಯಾಯಿತು. ಸರಿಯಾದ ಎಂಜಿನ್ನನ್ನೇ ನಿಲ್ಲಿಸಿದೆವೆಂದು ಅವರಿಗೆ ಅನಿಸಿತು. ತೊಂದರೆ ಬಲಗಡೆ ಎಂದು ಕ್ಯಾಪ್ಟನ್ ಮೈಕಿನಲ್ಲಿ ಹೇಳಿದಾಗ, ಎಡಗಡೆ ಕಿಡಿಗಳನ್ನು ಕಂಡಿದ್ದ ಪ್ರಯಾಣಿಕರು ಗೊಂದಲಗೊಂಡರೂ ಸುಮ್ಮನೆ ಕೂತರು. ಇಂಗ್ಲೆಂಡಿನ ಕೆಗ್‌ವರ್ತ್ ಬಳಿ ವಿಮಾನ ಬಿದ್ದು 47 ಜನ ಸತ್ತರು.

ಕಂಡದ್ದನ್ನು ಕರೆಗುಂಡಿ ಒತ್ತಿ ಸಿಬ್ಬಂದಿಗೆ ಹೇಳಿ, ಮೊಬೈಲ್‌ನಲ್ಲಿ ವಿಡಿಯೊ ಆಮೇಲೆ. ವಿಮಾನದ ಮೂತಿಯ ಕಡೆ ಮುಖ ಮಾಡಿ ಎಡವೋ ಬಲವೋ ಎಂದು ಗುರುತಿಸಿ. ಬೆಂಕಿಯೋ, ಹೊಗೆಯೋ, ಒಮ್ಮೆ ಢಮ್ ಎಂದು ಚಿಮ್ಮಿದ ಜ್ವಾಲೆಯೋ, ನಿಲ್ಲದೆ ಉರಿಯುತ್ತಿದೆಯೋ ಎಂಬುದನ್ನೂ ಹೇಳಿ. ಮೈಕಿನಲ್ಲಿ ಕೇಳಿದ್ದು ನೀವು ಕಂಡದ್ದಕ್ಕೆ ಹೊಂದದಿದ್ದರೆ, ಮತ್ತೊಮ್ಮೆ ಕರೆದು ಹೇಳಿ.