ಮುದಿ ಹಡಗು, ಕರಿ ಟಗ್

ಲಂಡನ್ನಿನ ನ್ಯಾಷನಲ್ ಗ್ಯಾಲರಿಯಲ್ಲಿ ಇಂಗ್ಲಿಷ್ ಚಿತ್ರಕಾರ ಟರ್ನರನ ‘ದಿ ಫೈಟಿಂಗ್ ಟೆಮೆರೇರ್’ ತೈಲಚಿತ್ರದ ಮುಂದೆ ಜನಸಂದಣಿ ಕರಗುವುದೇ ಇಲ್ಲ. ಎಲ್ಲರ ಕಣ್ಣೂ ಬೆಳ್ಳಗೆ ನಿಂತ ಮುದಿ ಯುದ್ಧನೌಕೆಯ ಮೇಲೆ. ನಾನು ಮಾತ್ರ ಅದನ್ನು ಎಳೆದುಕೊಂಡು ಹೋಗುತ್ತಿರುವ ಕುಳ್ಳ ಟಗ್ ಬೋಟನ್ನು ನೋಡುತ್ತಾ ನಿಂತೆ. ಕಪ್ಪು ಮೈ, ಕೆಂಡ ಕಾರುವ ಎತ್ತರದ ಚಿಮಣಿ, ಪಕ್ಕದಲ್ಲಿ ನೀರು ಚಿಮ್ಮಿಸುವ ಚಕ್ರ. ಹತ್ತಿರ ಹೋದರೆ ಚಿಮಣಿಯ ಬೆಂಕಿ ಎಂದರೆ ನಾಲ್ಕಾರು ಕೆಂಪು, ಹಳದಿ ಬಳಿತಗಳಷ್ಟೇ. ಆ ಚಿಮಣಿ ಹಾಯಿಕಂಬಕ್ಕಿಂತ ಮುಂದಿದೆ. ನಿಜವಾದ ಟಗ್‌ಗಳಲ್ಲಿ ಅದು ಹಿಂದೆ ಇರುತ್ತಿತ್ತು. ಮುಂದೆ ಈ ಚಿತ್ರವನ್ನು ಅಚ್ಚಿಗಾಗಿ ಕೆತ್ತಿದವನು ಅದನ್ನು ತಿದ್ದಿಬಿಟ್ಟನಂತೆ. ನನಗೆ ಟರ್ನರನ ತಪ್ಪೇ ಇಷ್ಟ: ಹೊಗೆ ಮೊದಲು, ಹಾಯಿ ಆಮೇಲೆ.

ಆ ಮುದಿ ನೌಕೆ ಟೆಮೆರೇರ್, 1798ರಲ್ಲಿ ಚಾಟಂನಲ್ಲಿ ನೀರಿಗಿಳಿದ 98 ಫಿರಂಗಿಗಳ ಹಡಗು. 1805ರ ಟ್ರಫಾಲ್ಗರ್ ಕದನದಲ್ಲಿ ಬ್ರಿಟಿಷ್ ನೌಕಾಪತಿ ನೆಲ್ಸನ್ನನ ಹಡಗು ‘ವಿಕ್ಟರಿ’ಯ ಬೆನ್ನಿಗೇ ಬಂದು, ವಿಕ್ಟರಿ ಸಂಕಷ್ಟಕ್ಕೆ ಸಿಲುಕಿದಾಗ ನೆರವಿಗೆ ನುಗ್ಗಿತು. ಆಮೇಲೆ ಕೈದಿಗಳನ್ನು ಕೂಡಿಹಾಕುವ ತೇಲುವ ಸೆರೆಮನೆಯೂ ಆಯಿತು. ಕೊನೆಗೆ 1838ರಲ್ಲಿ ನೌಕಾಪಡೆ ಅದನ್ನು 5,530 ಪೌಂಡಿಗೆ ಗುಜರಿಯವರಿಗೆ ಮಾರಿತು. ಥೇಮ್ಸ್ ನದಿಯ ಬಾಯಲ್ಲಿರುವ ಶೀರ್‌ನೆಸ್‌ನಿಂದ, ಅದನ್ನು ಒಡೆಯಲಿದ್ದ ಲಂಡನ್ನಿನ ನದಿದಂಡೆ ರಾದರ್‌ಹಿತ್‌ವರೆಗೆ ಎಳೆದು ತರಲು ಎರಡು ದಿನ, ಎರಡು ಟಗ್‌ಗಳು ಬೇಕಾದವು. ಅವುಗಳ ಹೆಸರು ‘ಲಂಡನ್’ ಮತ್ತು ‘ಸ್ಯಾಮ್ಸನ್’. ಟರ್ನರ್ ಒಂದನ್ನು ಕೈಬಿಟ್ಟ. ಆ ಹೊತ್ತಿಗಾಗಲೇ ಕಿತ್ತುಹಾಕಿದ್ದ ಹಾಯಿಕಂಬಗಳನ್ನು ಮತ್ತೆ ನಿಲ್ಲಿಸಿದ. ಚಿತ್ರವನ್ನು ಸಾಯುವವರೆಗೂ ಮಾರಲಿಲ್ಲ.

ಗ್ಯಾಲರಿಯಿಂದ ಹೊರಟವನು ವೈಟ್‌ಚಾಪೆಲ್‌ನಲ್ಲಿ ರೈಲು ಬದಲಿಸಿ ರಾದರ್‌ಹಿತ್ ಕಡೆಗೆ ಹೋದೆ. ವಾಪಿಂಗ್ ದಾಟಿದ ಮೇಲೆ ರೈಲು ನದಿಯ ಅಡಿಯಲ್ಲಿ ಸಾಗುತ್ತದೆ. ಅದು ಇಂಜಿನಿಯರುಗಳಾದ ಬ್ರೂನೆಲ್ ತಂದೆ-ಮಗ ತೋಡಿಸಿದ ಥೇಮ್ಸ್ ಸುರಂಗ. ಹಡಗು ಬಂದ ವರ್ಷ ಇನ್ನೂ ಅಗೆತ ನಡೆದಿತ್ತು. ಜನರ ಓಡಾಟಕ್ಕೆ ತೆರೆದದ್ದು 1843ರಲ್ಲಿ. ಮೇಲೆ ಹಾಯಿಹಡಗಿನ ಕಾಲ ಮುಗಿಯುತ್ತಿದ್ದಾಗ ಕೆಳಗೆ ಕೆಸರಿನಲ್ಲಿ ಇನ್ನೊಂದು ಕಾಲ ಇಟ್ಟಿಗೆ ಕಟ್ಟಿಕೊಳ್ಳುತ್ತಿತ್ತು.

ನಿಲ್ದಾಣದಿಂದ ನಾಲ್ಕು ಹೆಜ್ಜೆ ನಡೆದರೆ ಸೇಂಟ್ ಮೇರಿ ಚರ್ಚ್. ಟೆಮೆರೇರ್‌ನ ಓಕ್ ಮರದಿಂದ ಮಾಡಿದ ಪ್ರಾರ್ಥನಾ ಮೇಜು ಮತ್ತು ಬಿಷಪ್ಪರ ಎರಡು ಕುರ್ಚಿಗಳು ಇಲ್ಲಿವೆ. ಗಾರ್ಡು ಇಲ್ಲ, ಸಂದಣಿಯಿಲ್ಲ. ಒಂದು ಕಾಲದಲ್ಲಿ ಫಿರಂಗಿಯ ಅದುರನ್ನು ತಾಳಿಕೊಂಡ ಮರ ಎಂದು ಯಾರಾದರೂ ಹೇಳದಿದ್ದರೆ ಗೊತ್ತಾಗುವುದಿಲ್ಲ. ಯಾವ ಊರಿನ ಚರ್ಚಿನಲ್ಲೂ ಇರಬಹುದಾದ ಗಂಭೀರ ಮರಗೆಲಸ. 1620ರಲ್ಲಿ ಇಂಗ್ಲಿಷ್ ವಲಸಿಗರನ್ನು ಅಮೆರಿಕಕ್ಕೆ ಒಯ್ದ ‘ಮೇಫ್ಲವರ್’ ಹಡಗಿನ ಕಪ್ತಾನ ಕ್ರಿಸ್ಟೋಫರ್ ಜೋನ್ಸ್‌ನನ್ನು ಹೂಳಿದ್ದೂ ಇಲ್ಲಿಯೇ. ಅಮೆರಿಕದ ಪ್ರವಾಸಿಗರು ಬರುವುದು ಹೆಚ್ಚಾಗಿ ಅವನಿಗಾಗಿ.

ಸಂಜೆ ನದಿಯ ಅಂಚಿಗೆ ಹೋಗಿ ದಿಕ್ಕು ನೋಡಿದೆ. ಹಡಗು ಬಂದದ್ದು ಪೂರ್ವದಿಂದ, ಅಂದರೆ ಮುಳುಗುವ ಸೂರ್ಯ ಅದರ ಮುಂದಿರಬೇಕು. ಚಿತ್ರದಲ್ಲಾದರೋ ಹಿಂದಿದ್ದಾನೆ! ಹಾಗಿದ್ದರೂ ಟರ್ನರ್ ಮಾಡಿದ್ದೇ ಸರಿ ಎನ್ನುತ್ತೇನೆ. ನಿಜವಾದ ದಿಕ್ಕಿನಲ್ಲಿಟ್ಟಿದ್ದರೆ ಸಂಜೆಬಿಸಿಲು ಮುಖಕ್ಕೆ ಬಿದ್ದು ಟಗ್‌ನ ಆ ಕಪ್ಪೆಲ್ಲ ಕಂದಿಹೋಗುತ್ತಿತ್ತು.